ಗೊಂಬೆಮನೆಯ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಶಬ್ದವು ಕಿವಿಗೆ ಬಿದ್ದೊಡನೆ ನಮ್ಮ ಜನರಿಗೆ ಶಿಥಿಲವಾದ ದೇವಾಲಯವೋ, ಒಡೆದ ಕೆರೆಯ ಏರಿಯೋ, ಮುದಗಲ್ಲಿನಂಥ ಹಳೆಯ ಕೋಟೆಯ ಕೊತ್ತಲವೋ ಕಣ್ಣಮುಂದೆ ನಿಲ್ಲುವದು ಸಹಜವೇ ಸರಿ. ಈ ತಿಂಗಳು ನಾವು ವಾಚಕರ ಮುಂದಿಡುವ ಜೀರ್ಣೋದ್ಧಾರವಾದರೋ ಎರಡೂವರೆ ಅಡಿ ಅಗಲದ, ಎರಡಡಿ ಎತ್ತರದ ಒಂದು ಮನೆಯದು. ಆ ಮನೆಯ ಯಜಮಾನನ ಎತ್ತರ ಐದೂವರೆ ಇಂಚು. ಯಜಮಾನತಿಯದು ಅದಕ್ಕಿಂತ ಅರ್ಧ ಇಂಚು ಕಡಿಮೆ. ಇದೇನು ಮಕ್ಕಳಾಟವೆಂದು ಹುಬ್ಬೇರಿಸುವ ಹಿರಿಯರು ಈ ಪುಟವನ್ನು ಮನೆಯ ಹೆಣ್ಣುಮಕ್ಕಳ ಕೈಗೆ ಕೊಡಲಿ. ಅವರು ಓದಿ ಹೇಳಿದ ಮೇಲೆ ತಾವೂ ಗರಗಸ ಹುಡುಕಲು ಏಳುವರೆಂಬ ಭರವಸೆ ನಮಗುಂಟು.

ಹಟ್ಟಿಯ ಗಣಿಯಲ್ಲಿ ಒಂದು ಟನ್ನು ಕಲ್ಲನ್ನು ಅರೆದರೆ ದೊರೆಯುವ ಚಿನ್ನವು ಕೆಲವೇ ಗ್ರಾಮುಗಳಷ್ಟು. ಗುಜರಿ ಅಂಗಡಿಯ ಧರ್ಮವೂ ಅದೇ. ಲಿಂಗಸುಗೂರಿನ ಇಂಥದೊಂದು ಅಂಗಡಿಯಲ್ಲಿ ತುಕ್ಕು ಹಿಡಿದ ಕೂಲರು, ಮುರಿದ ಕುರ್ಚಿ, ಹಳೆಯ ಗೈಡುಪುಸ್ತಕಗಳ ನಡುವೆ ಈ ಮನೆಯು ಮಗ್ಗುಲಾಗಿ ಬಿದ್ದಿದ್ದಿತು. ವರ್ಗವಾಗಿ ಹೋದ ಯಾವುದೋ ಕುಟುಂಬವು ಬಿಟ್ಟುಹೋದ ಸಾಮಾನಿನೊಡನೆ ಬಂದುದಂತೆ. ಮುಂಭಾಗವು ಎರಡು ಕದಗಳಾಗಿ ತೆರೆಯುವಂತಿತ್ತು; ಕೆಳಗೆ ಎರಡು ಕೋಣೆ, ಮೇಲೆ ಎರಡು; ಅವುಗಳ ಮೇಲೊಂದು ಇಳಿಜಾರಿನ ಸೂರು, ಆ ಸೂರಿಗೊಂದು ಹೊಗೆಗೂಡು. ನಮ್ಮ ಸೀಮೆಯ ಬಿಸಿಲಿಗೆ ಹೊಗೆಗೂಡಿನಿಂದ ಮೈ ಕಾಯಿಸಿಕೊಳ್ಳುವ ಅಗತ್ಯವಿದ್ದವರು ಇನ್ನೂ ಹುಟ್ಟಿಲ್ಲ. ಅಂಗಡಿಯವನು, “ಮಾಸ್ತರ್ರೀ, ಫಾರಿನ್ ಮಾಲೈತ್ರಿ, ಎಂಟನೂರು ಕೊಡ್ರಿ,” ಎಂದನು. ಕೀಲು ಕಳಚಿದ ಕದವನ್ನೂ ಸೀಳಿದ ನೆಲವನ್ನೂ ತೋರಿಸುತ್ತ ತೋರಿಸುತ್ತ ಮೂರುನೂರಾ ಐವತ್ತಕ್ಕೆ ಇಳಿಸಿ, ಆಟೋದಲ್ಲಿ ಹೇರಿಕೊಂಡು ಬಂದೆವು.

ಹಳೆಯ ಗೊಂಬೆಮನೆಯನ್ನು ಕೊಳ್ಳುವವರು ಬಣ್ಣವನ್ನು ನೋಡಬಾರದು, ಎಲುಬನ್ನು ನೋಡಬೇಕು. ನೆಲದ ಮೇಲಿಟ್ಟು ಮೂಲೆಗಳನ್ನು ಒತ್ತಿದರೆ ಅಲ್ಲಾಡದಿರಬೇಕು. ಪ್ಲೈವುಡ್ಡು ನೀರು ಕುಡಿದು ಪದರ ಪದರವಾಗಿ ಬಿಚ್ಚಿಕೊಂಡಿದ್ದರೆ ಅಂಥದನ್ನು ಪುಕ್ಕಟೆ ಕೊಟ್ಟರೂ ತರಬಾರದು. ಸೂಜಿಯ ಮೊನೆಯಷ್ಟು ರಂಧ್ರಗಳಿದ್ದು, ತಟ್ಟಿದಾಗ ಅವುಗಳಿಂದ ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಹುಳುವಿನ ಸಂಸಾರ ನಡೆದಿದೆಯೆಂದು ತಿಳಿಯಬೇಕು. ನಮ್ಮದರಲ್ಲಿ ಒಂದು ಮೂಲೆಯಲ್ಲಿ ಮಾತ್ರ ಅಂಥ ಪುಡಿ ಕಂಡಿತು. ಮಕ್ಕಳ ಕೈಗೆ ಹೋಗುವ ವಸ್ತುವಿಗೆ ಕೀಟನಾಶಕವನ್ನು ಕುಡಿಸುವದು ಸಲ್ಲ. ಇಡೀ ಮನೆಯನ್ನು ಕಪ್ಪು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಚೈತ್ರಮಾಸದ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಎರಡು ದಿನ ಇರಿಸಿದೆವು. ಮರದ ಒಳಗಿನ ಕಾವು ೫೫ ಡಿಗ್ರಿ ಸೆಲ್ಸಿಯಸ್ ದಾಟಿ ಒಂದೆರಡು ತಾಸು ನಿಂತರೆ ಹುಳುವೂ ಅದರ ಮರಿಯೂ ಬದುಕವು. ಹೊಗೆಗೂಡು ಬೇಡವೆನ್ನಿಸಿದ ಬಿಸಿಲೇ ಇಲ್ಲಿ ಉಪಕಾರಕ್ಕೆ ಬಂದಿತು.

ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವ ನಮ್ಮ ಸೊಸೆಯು ಈ ಮನೆಯನ್ನು ಒಳಗೆ ತರುವದಕ್ಕೇ ಒಪ್ಪಲಿಲ್ಲ. “ಮಾವಾ, ಬಣ್ಣ ಯಾವ ಕಾಲದ್ದೋ ಏನೋ. ಮೊದಲು ಅದರ ವಿಚಾರ ಮಾಡ್ರಿ, ಆಮ್ಯಾಲೆ ಹುಡುಗಿ ಕೈಗೆ ಕೊಡ್ರಿ,” ಎಂದು ಹೊಸ್ತಿಲಲ್ಲಿಯೇ ತಡೆದಳು. ಅವಳ ಮಾತು ಅಕ್ಷರಶಃ ಸತ್ಯ. ಹಳೆಯ ಎಣ್ಣೆಬಣ್ಣಗಳಲ್ಲಿ, ಅದರಲ್ಲಿಯೂ ಹಳದಿ, ಕೆಂಪು, ಹಸಿರುಗಳಲ್ಲಿ, ಸೀಸವನ್ನು ಕೂಡಿಸುವ ವಾಡಿಕೆಯಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ ೯೦ ಭಾಗಗಳನ್ನು ಮೀರಕೂಡದೆಂಬ ನಿಯಮವು ನಮ್ಮ ದೇಶದಲ್ಲಿ ೨೦೧೬ರಲ್ಲಿ ಹೊರಟು, ೨೦೧೭ರ ನವೆಂಬರದಿಂದ ಜಾರಿಗೆ ಬಂದಿತು. ಅದಕ್ಕೂ ಹಿಂದಿನ ಆಟಿಕೆಯ ಬಣ್ಣವನ್ನು ಸಂಶಯದಿಂದಲೇ ನೋಡತಕ್ಕದ್ದು. ಸೀಸವು ನಾಲಗೆಗೆ ಸಿಹಿಯಾಗಿರುವದು ಅದರ ಇನ್ನೊಂದು ಕಪಟ. ಬೆಳೆಯುವ ಮಗುವಿನ ಮಿದುಳಿಗೆ ಅದು ಮಾಡುವ ಕೇಡು ಹಿಂದಿರುಗಿ ಬಾರದಂಥದು. ಇಷ್ಟಾದರೆ ಅಪಾಯವಿಲ್ಲವೆಂಬ ಮಿತಿಯನ್ನು ವೈದ್ಯಶಾಸ್ತ್ರವು ಇದುವರೆಗೆ ಕಂಡುಕೊಂಡಿಲ್ಲ.

ಆದುದರಿಂದ ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಬಾರದು. ಏಳುವ ಧೂಳೇ ವಿಷ. ಉರಿಯಿಂದ ಸುಟ್ಟು ಕೀಳಲೂ ಬಾರದು. ನೀರಿಗೆ ತಾಳುವ ಉಸುಕಿನ ಕಾಗದವನ್ನು ತೋಯಿಸಿ, ಹಿತ್ತಲಿನಲ್ಲಿ ಹಳೆಯ ಪತ್ರಿಕೆಗಳನ್ನು ಹಾಸಿ, ಮೂಗುಬಾಯಿಗೆ ಮುಸುಕು ಕಟ್ಟಿಕೊಂಡು, ಮಕ್ಕಳನ್ನೂ ಬಸುರಿಯರನ್ನೂ ದೂರವಿರಿಸಿ ಉಜ್ಜಬೇಕು; ಒರೆಸಿದ ಬಟ್ಟೆಯನ್ನೂ ಆ ಪತ್ರಿಕೆಗಳನ್ನೂ ಕಟ್ಟಿ ಎಸೆಯಬೇಕು; ಕೆಲಸ ಮುಗಿದ ಮೇಲೆ ಉಟ್ಟ ಬಟ್ಟೆಯನ್ನು ಪ್ರತ್ಯೇಕವಾಗಿ ಒಗೆಯಬೇಕು. ಹಲ್ಲಿಗೆ ಸಿಗುವಂಥ ಸಣ್ಣ ಕಟಕಟೆ, ಕಿಟಕಿಯ ಸರಳು ಮೊದಲಾದವನ್ನು ಉಜ್ಜುವ ಗೋಜಿಗೆ ಹೋಗದೆ ಕಿತ್ತೆಸೆದು ಹೊಸದಾಗಿ ಮಾಡಿದೆವು. ಈ ಕೆಲಸವೊಂದೇ ಐದು ದಿನ ಹಿಡಿಯಿತು. ಹಳೆಯದೆಲ್ಲ ಸುರಕ್ಷಿತ, ಸಾಂಪ್ರದಾಯಿಕವೆಲ್ಲ ನಿರುಪದ್ರವಿಯೆಂದು ನಂಬುವವರಿಗೆ ಇಲ್ಲಿ ಒಂದು ಮಾತು ಹೇಳಿಬಿಡುತ್ತೇವೆ. ನಮ್ಮ ಪೂರ್ವಿಕರ ವರ್ಣದ್ರವ್ಯಗಳಲ್ಲಿ ಸಿಂಧೂರವೆಂದರೆ ಸೀಸವೇ; ಹಿಂಗುಲವೆಂದರೆ ಪಾದರಸ; ಹರಿತಾಲವೆಂದರೆ ಪಾಷಾಣದ ಸೋದರ. ಭಿತ್ತಿಚಿತ್ರಕ್ಕೆ ಅವು ಶೋಭೆ, ಮಗುವಿನ ಬೆರಳಿಗೆ ಅಲ್ಲ. ಕಾವಿ, ಸುಣ್ಣ, ಅರಿಷಿಣ, ದೀಪದ ಕಾಡಿಗೆ ಇವು ನಾಲ್ಕರಿಂದಲೇ ಬಹಳ ಮಟ್ಟಿಗೆ ನಮ್ಮ ಕೆಲಸ ಸಾಗಿತು. ಉಳಿದುದಕ್ಕೆ ಸೀಸವಿಲ್ಲವೆಂದು ಡಬ್ಬಿಯ ಮೇಲೆ ಬರೆದಿದ್ದ ನೀರುಬಣ್ಣವನ್ನು ತಂದೆವು.

ಗೊಂಬೆಮನೆಯ ಪೂರ್ವವೃತ್ತಾಂತವನ್ನೂ ಸಂಕ್ಷೇಪವಾಗಿ ಹೇಳಬೇಕು. ಯುರೋಪಿನಲ್ಲಿ ಇದು ಮೊದಲು ಮಕ್ಕಳ ಆಟಿಕೆಯೇ ಆಗಿರಲಿಲ್ಲ. ಹದಿನಾರನೆಯ ಶತಮಾನದಲ್ಲಿ ಬವೇರಿಯದ ಅರಸನೊಬ್ಬನು ಇಂಥದೊಂದನ್ನು ಮಾಡಿಸಿ ತನ್ನ ಸಂಗ್ರಹದಲ್ಲಿಟ್ಟನು. ಆಮ್‌ಸ್ಟರ್‌ಡಾಮಿನ ಪೆಟ್ರೊನೆಲ್ಲಾ ಊರ್ಟ್‌ಮನ್ ಎಂಬ ಸಿರಿವಂತ ಗೃಹಿಣಿಯು ೧೬೮೬ರಿಂದ ಸುಮಾರು ಕಾಲು ಶತಮಾನ ಕಾಲ ಒಂದು ಗೊಂಬೆಮನೆಯನ್ನು ಅಲಂಕರಿಸುತ್ತಲೇ ಇದ್ದಳು. ಅದಕ್ಕೆ ತಗಲಿದ ಹಣದಲ್ಲಿ ಆ ನಗರದ ಕಾಲುವೆಯ ದಡದಲ್ಲಿ ನಿಜವಾದ ಮನೆಯನ್ನೇ ಕೊಳ್ಳಬಹುದಿತ್ತಂತೆ. ಅದು ಇಂದಿಗೂ ಅಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ನ್ಯೂರೆಂಬರ್ಗಿನವರು ಮಾತ್ರ ಹುಡುಗಿಯರಿಗೆ ಗೃಹಕೃತ್ಯವನ್ನು ಕಲಿಸಲೆಂದು ಪುಟ್ಟ ಅಡುಗೆಮನೆಗಳನ್ನು ಮಾಡಿದರು. ಎಲ್ಲಕ್ಕೂ ಪ್ರಸಿದ್ಧವಾದುದು ಇಂಗ್ಲೆಂಡಿನ ರಾಣಿ ಮೇರಿಗಾಗಿ ೧೯೨೧ರಿಂದ ೧೯೨೪ರ ವರೆಗೆ ಕಟ್ಟಿದ್ದು. ಅದರ ಶಿಲ್ಪಿ ಎಡ್ವಿನ್ ಲುಟಿಯನ್ಸ್. ಅತ್ತ ಹೊಸದಿಲ್ಲಿಯಲ್ಲಿ ವೈಸರಾಯರ ಮಹಾಸೌಧವನ್ನು ಏಳಿಸುತ್ತ, ಇತ್ತ ಒಂದಡಿಗೆ ಒಂದು ಇಂಚಿನ ಪ್ರಮಾಣದಲ್ಲಿ ಈ ಪುಟ್ಟ ಅರಮನೆಯನ್ನೂ ಅದೇ ಕೈ ಕಟ್ಟಿತು. ಸುಮಾರು ೧,೫೦೦ ಮಂದಿ ಕುಶಲಕರ್ಮಿಗಳು ಅದಕ್ಕಾಗಿ ದುಡಿದರು. ಅದರ ನಲ್ಲಿಗಳಲ್ಲಿ ನೀರು ಹರಿಯುತ್ತದೆ, ದೀಪಗಳು ಉರಿಯುತ್ತವೆ, ಗ್ರಂಥಾಲಯದಲ್ಲಿ ಆ ಕಾಲದ ಲೇಖಕರು ಬರೆದುಕೊಟ್ಟ ಬೆರಳಗಲದ ಪುಸ್ತಕಗಳಿವೆ. ವಿಂಡ್ಸರ್ ಕೋಟೆಗೆ ಹೋದವರು ಅದನ್ನು ನೋಡಬಹುದು.

ನಮ್ಮವರಿಗೆ ಗೊಂಬೆಯು ಅಪರಿಚಿತವೆಂದು ಯಾರೂ ಹೇಳಲಾರರು. ಗೊಂಬೆಗೆ ಸಂಸ್ಕೃತದಲ್ಲಿ ಪುತ್ರಿಕೆಯೆಂಬ ಹೆಸರುಂಟು. ಮಗಳಿಗೂ ಅದೇ ಹೆಸರು. ಹಿಮವಂತನ ಮಗಳು ಮಂದಾಕಿನಿಯ ಉಸುಕಿನ ದಿನ್ನೆಗಳಲ್ಲಿ ಗೆಳತಿಯರೊಡನೆ ಚೆಂಡನ್ನೂ ಗೊಂಬೆಯ ಮಕ್ಕಳನ್ನೂ ಆಡಿಸಿದ ಸಂಗತಿಯನ್ನು ಕಾಳಿದಾಸನು ಕುಮಾರಸಂಭವದಲ್ಲಿ ಹೇಳಿದ್ದಾನೆ. ವಿರಾಟಪರ್ವದ ಉತ್ತರೆಯು ಯುದ್ಧಕ್ಕೆ ಹೊರಟ ಬೃಹನ್ನಳೆಯಿಂದ ಬಯಸಿದ್ದು ಕೀರ್ತಿಯನ್ನಲ್ಲ, ತನ್ನ ಗೊಂಬೆಗಳಿಗೆ ನವುರಾದ ಬಣ್ಣದ ಬಟ್ಟೆಗಳನ್ನು. ಆ ಮಾತನ್ನು ಮರೆಯದೆ ಅರ್ಜುನನು ಮೂರ್ಛೆ ಹೋದ ದ್ರೋಣ ಕೃಪರ ಬಿಳಿಯ ವಸ್ತ್ರಗಳನ್ನೂ ಕರ್ಣನ ಹಳದಿಯದನ್ನೂ ಅಶ್ವತ್ಥಾಮ ದುರ್ಯೋಧನರ ನೀಲಿಯವನ್ನೂ ತೆಗೆಸಿಕೊಂಡನು. ಹಸ್ತಿನಾವತಿಯ ಮಹಾರಥಿಗಳ ಉತ್ತರೀಯಗಳು ವಿರಾಟನ ಅಂತಃಪುರದ ಗೊಂಬೆಗಳಿಗೆ ಅಂಗಿ ಲಂಗಗಳಾದುದನ್ನು ನಮ್ಮ ತರಗತಿಯಲ್ಲಿ ಹೇಳಿದಾಗಲೆಲ್ಲ ಹುಡುಗಿಯರ ಸಾಲು ಗೆಲುವಿನಿಂದ ನಗುತ್ತಿದ್ದಿತು. ಮೈಸೂರ ಕಡೆಯಲ್ಲಿ ನವರಾತ್ರಿಗೆ ಪಟ್ಟದ ಗೊಂಬೆಗಳನ್ನು ಕೂರಿಸುವ ಪದ್ಧತಿಯುಂಟು. ನಮ್ಮ ಸೀಮೆಯಲ್ಲಿ ಆ ಸಂಭ್ರಮವಿಲ್ಲದಿದ್ದರೂ ಮಣ್ಣೆತ್ತಿನ ಅಮಾವಾಸ್ಯೆ, ಗುಲಗಂಜಿಯಿಂದ ಸಿಂಗರಿಸುವ ಆಷಾಢದ ಗುಳ್ಳವ್ವ, ಗೌರಿ ಹುಣ್ಣಿಮೆಯ ಸಕ್ಕರೆಗೊಂಬೆ, ಇವೆಲ್ಲ ಮಕ್ಕಳ ಕೈಯಿಂದಲೇ ನಡೆಯತಕ್ಕ ಹಬ್ಬಗಳು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಬಣ್ಣ ಹೋಗಿ ಬರಿಯ ಕಟ್ಟಿಗೆಯಾಗಿ ನಿಂತ ಆ ಮನೆಯನ್ನು ಎಂಥ ಮನೆಯನ್ನಾಗಿ ಮಾಡಬೇಕು? ಬಂದ ರೂಪದಲ್ಲಿಯೇ, ಹೊಗೆಗೂಡಿನ ಸಮೇತ, ಮತ್ತೆ ಬಣ್ಣ ಬಳಿಯಬೇಕೆಂದು ಮಗನು ಹೇಳಿದನು. ನಮ್ಮ ಮನಸ್ಸಿನಲ್ಲಿದ್ದುದು ಬೇರೆ. ನಾವು ಹುಟ್ಟಿದ ಮನೆಯು ಇದೇ ತಾಲೂಕಿನ ಹಳ್ಳಿಯೊಂದರಲ್ಲಿದ್ದ ಮಣ್ಣಿನ ಮಾಳಿಗೆಯ ಮನೆ. ೨೦೦೯ನೆಯ ಇಸವಿಯ ಸೆಪ್ಟೆಂಬರದ ಕೊನೆಗೂ ಅಕ್ಟೋಬರದ ಆರಂಭಕ್ಕೂ ಉತ್ತರ ಕರ್ನಾಟಕದಲ್ಲಿ ಹಗಲಿರುಳು ಹೊಡೆದ ಮಳೆಯನ್ನು ರಾಯಚೂರು ಜಿಲ್ಲೆಯವರು ಮರೆತಿರಲಾರರು. ಬರಗಾಲಕ್ಕೆಂದು ಕಟ್ಟಿದ ಮಾಳಿಗೆಗಳು ಆ ನೀರನ್ನು ತಾಳದೆ ಊರೂರುಗಳಲ್ಲಿ ಕುಸಿದವು. ನಮ್ಮದೂ ಹೋಯಿತು. ಹಿರಿಯರ ಪುಣ್ಯದಿಂದ ಒಳಗೆ ಯಾರೂ ಇರಲಿಲ್ಲ. ಈಗ ಅಲ್ಲಿ ಸಿಮೆಂಟಿನ ಮನೆಯಿದೆ. ಗಟ್ಟಿಯಾಗಿದೆ, ಬೇಸಿಗೆಯಲ್ಲಿ ಕಾದ ಹಂಚಿನಂತಿದೆ. ಒಂಬತ್ತು ವರ್ಷದ ಮೊಮ್ಮಗಳು ಮಾಳಿಗೆಯ ಮನೆಯ ಒಳಗೆ ಒಂದು ರಾತ್ರಿಯೂ ಮಲಗಿದವಳಲ್ಲ. ಅದರ ಒಂದು ಭಾವಚಿತ್ರವೂ ನಮ್ಮಲ್ಲಿ ಉಳಿದಿಲ್ಲ. ಅದು ಹೇಗಿತ್ತೆಂಬುದನ್ನು ಮೂಲೆಮೂಲೆಯಾಗಿ ಬಲ್ಲವರು ಈಗ ನಮ್ಮ ಅಕ್ಕನವರೊಬ್ಬರೇ. ಅವರು ನಮಗಿಂತ ಹದಿನಾಲ್ಕು ವರ್ಷ ಹಿರಿಯರು.

ಅಕ್ಕನವರನ್ನು ಕರೆಯಿಸಿಕೊಂಡು, ಮುಂದೆ ಆ ಬೋಳು ಮನೆಯನ್ನಿಟ್ಟು, ಸೀಸದ ಕಡ್ಡಿಯನ್ನು ಕೈಗೆ ಕೊಟ್ಟೆವು. ಅಕ್ಷರ ಬಾರದ ಅವರು ಕಡ್ಡಿಯನ್ನು ಬದಿಗಿಟ್ಟು ಬೆರಳಿನಿಂದಲೇ ತೋರಿಸತೊಡಗಿದರು. ತಲಬಾಗಿಲಿನ ಒಳಗೆ ತಗ್ಗಿನಲ್ಲಿ ಎತ್ತುಗಳ ಜಾಗ, ಗೋಡೆಗೆ ಹತ್ತಿ ಗೋದಲಿ, ಎರಡು ಮೆಟ್ಟಿಲೇರಿದರೆ ಪಡಸಾಲೆ, ನಡುವೆ ಬೋದಿಗೆಯ ಕಂಬ, ಬಲಕ್ಕೆ ದೇವರ ಜಗಲಿ, ಅದರಾಚೆ ಅಡುಗೆಮನೆ, ಬೀಸುಕಲ್ಲು ಬಾಗಿಲ ಹಿಂದಲ್ಲ, ನಾವೆಣಿಸಿದ್ದ ಮೂಲೆಯಲ್ಲಿಯೂ ಅಲ್ಲ, ಪಡಸಾಲೆಯ ಗಾಳಿ ಬರುವ ಕಡೆ. “ಬೆಳಕು ಹರಿಯೋದರಾಗ ಬೀಸಬೇಕು. ಗಾಳಿ ಇಲ್ಲದಲ್ಲಿ ಬೀಸಾಕಿ ಬದುಕತಾಳೇನು?” ಎಂದರು. ಹಾಸಿಗೆಗಳ ಗಂಟು ತೂಗುತ್ತಿದ್ದ ಗಳ, ಬೆಲ್ಲ ಉಪ್ಪುಗಳ ಗೂಡು, ತೊಟ್ಟಿಲು ಕಟ್ಟುವ ತೊಲೆಯ ಕೊಂಡಿ, ಒಂದೊಂದನ್ನೂ ಹೆಸರು ಹಿಡಿದು ಹೇಳಿದರು. ಮೊಮ್ಮಗಳು ಎಲ್ಲವನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡಳು.

ಇಳಿಜಾರಿನ ಸೂರು ಅಂದೇ ಇಳಿಯಿತು. ಅದರ ಹಲಗೆಗಳನ್ನು ಎರಡಿಂಚಿನ ಪಟ್ಟಿಗಳಾಗಿ ಕೊಯ್ದು ಮಾಳಿಗೆಯ ಸುತ್ತಲ ಕುಂಬಿಯನ್ನು ಮಾಡಿದೆವು. ಮೇಲಿನ ಎರಡು ಕೋಣೆಗಳಲ್ಲಿ ಒಂದನ್ನು ಕಾಳುಕಡಿಯ ಕೋಣೆಯಾಗಿ ಉಳಿಸಿ, ಇನ್ನೊಂದರ ಗೋಡೆಗಳನ್ನು ತೆಗೆದು ಬೇಸಿಗೆಯಲ್ಲಿ ಮಲಗುವ ಬಯಲು ಮಾಳಿಗೆಯನ್ನಾಗಿ ಮಾಡಿದೆವು.

ಅಡುಗೆಮನೆಯ ಗೋಡೆಯನ್ನು ಹಚ್ಚುವಾಗ ಅಕ್ಕನವರು ಕೈ ತಡೆದರು. “ತಮ್ಮಾ, ಇದಕ್ಕ ಕಿಡಕಿ ಎಲ್ಲಿಟ್ಟೀ?”

“ಅಕ್ಕಾ, ನಮ್ಮ ಮನಿಯಾಗ ಎಲ್ಲಿತ್ತು? ಮ್ಯಾಲೆ ಬೆಳಕಿಂಡಿ ಒಂದೇ ಇತ್ತಲ್ಲ.”

“ಇರಲಿಲ್ಲ, ನನಗ ಗೊತ್ತಿಲ್ಲೇನು? ಒಳಗ ಕುಂತಾಕಿ ನಾನು. ಅದಕ್ಕಂತನ ಹೇಳತೀನಿ, ಈ ಮನಿಗರ ಒಂದು ಇಡು.”

ಸ್ವಲ್ಪ ಹೊತ್ತು ನಾವು ಮಾತಾಡಲಿಲ್ಲ. ಅಕ್ಕನವರ ಎರಡೂ ಕಣ್ಣುಗಳಿಗೆ ಪೊರೆಯ ಶಸ್ತ್ರಕ್ರಿಯೆಯಾಗಿದೆ. ಕಟ್ಟಿಗೆ ಕುಳ್ಳುಗಳ ಹೊಗೆಯಲ್ಲಿ ಹಲವು ವರ್ಷ ಕುಳಿತ ಹೆಂಗಸರಲ್ಲಿ ಕಣ್ಣಿನ ಪೊರೆ ಹೆಚ್ಚೆಂದು ವೈದ್ಯರು ಹೇಳುತ್ತಾರೆ. ಜೋಳದ ರೊಟ್ಟಿಯ ಸಪ್ಪಳವನ್ನು ನಾವು ಪಡಸಾಲೆಯಲ್ಲಿ ಕುಳಿತು ಕೇಳಿದವರು. ಮನೆಯ ನೆನಪೆಂದರೆ ನಮಗೆ ಆ ಸಪ್ಪಳ ಮತ್ತು ಬೇಸಿಗೆಯ ತಂಪು. ಒಂದೇ ಸೂರಿನ ಕೆಳಗೆ ಅಕ್ಕನವರು ಬೇರೊಂದು ಮನೆಯಲ್ಲಿಯೇ ಬೆಳೆದಂತಾಯಿತು. ಮೂಲದಲ್ಲಿದ್ದಂತೆಯೇ ಇರಬೇಕೆಂಬ ವಾದವನ್ನು ಯಾರಾದರೂ ಮುಂದಿಟ್ಟರೆ ನಮ್ಮ ಉತ್ತರವಿದು: ಆಗಮಗಳಲ್ಲಿ ಜೀರ್ಣೋದ್ಧಾರಕ್ಕೆ ಪ್ರತ್ಯೇಕ ವಿಧಿಗಳಿವೆ; ಬಿರುಕನ್ನು ಬಿರುಕಾಗಿಯೇ ಮತ್ತೆ ಕೊರೆಯಬೇಕೆಂದು ಯಾವ ಆಗಮವೂ ವಿಧಿಸಿಲ್ಲ. ಎಳೆಯ ಗರಗಸವನ್ನು ತಂದು, ಒಲೆಯ ಎದುರಿಗೇ ಎರಡಿಂಚು ಅಗಲ, ಮೂರಿಂಚು ಎತ್ತರದ ಕಿಟಕಿಯನ್ನು ಕೊಯ್ದೆವು. ಪ್ರಮಾಣದ ಲೆಕ್ಕದಲ್ಲಿ ಅದು ಎರಡಡಿಗೆ ಮೂರಡಿಯಾಗುತ್ತದೆ. ಅಕ್ಕನವರು ಬೆರಳು ತೂರಿಸಿ ನೋಡಿ, ಇನ್ನಷ್ಟು ದೊಡ್ಡದು ಮಾಡಿಸಿದರು.

ಇಷ್ಟರಲ್ಲಿ ಮೊಮ್ಮಗಳು ತನ್ನ ನೋಟುಪುಸ್ತಕವನ್ನು ತಿರುವುತ್ತ, “ತಾತಾ, ಸಂಡಾಸ್ ಎಲ್ಲೈತಿ? ದೊಡ್ಡಮ್ಮಜ್ಜಿ ಹೇಳೇ ಇಲ್ಲ,” ಎಂದಳು. ಇರಲಿಲ್ಲವೆಂದೆವು. ಹಾಗಾದರೆ ಎಲ್ಲಿಗೆ ಹೋಗುತ್ತಿದ್ದರೆಂದು ಕೇಳಿದಳು. ಅಕ್ಕನವರು ಅವಳನ್ನು ಹತ್ತಿರಕ್ಕೆ ಕರೆದು, ನಸುಕಿನಲ್ಲಿ ನಾಲ್ಕು ಮಂದಿ ಹೆಂಗಸರು ಕೂಡಿ ಹಳ್ಳದ ಕಡೆ ಹೋಗುತ್ತಿದ್ದುದನ್ನೂ, ಹೊತ್ತು ಮೂಡಿದರೆ ಮುಂದಿನ ಕತ್ತಲೆಯ ವರೆಗೆ ತಡೆದುಕೊಳ್ಳುತ್ತಿದ್ದುದನ್ನೂ ಕಥೆಯಂತೆ ಹೇಳಿದರು. ಹುಡುಗಿಯು ನಗಲಿಲ್ಲ. ಹಿತ್ತಲಿನ ಹಲಗೆಯ ಮೇಲೆ ಮೂರಿಂಚಿಗೆ ನಾಲ್ಕಿಂಚಿನ ಪಾಯಿಖಾನೆಯೊಂದು ಎದ್ದಿತು. ಅದರ ಕದಕ್ಕೆ ಒಳಗಿನಿಂದ ಅಗುಳಿಯೂ ಇರಬೇಕೆಂದು ಆಕೆಯ ಆಜ್ಞೆಯಾಯಿತು. ಬೆಂಕಿಕಡ್ಡಿಯ ಅಗುಳಿಯನ್ನು ಹಾಕಿದ್ದೇವೆ.

ಗೋಡೆಯ ಕೆಲಸಕ್ಕೆ ಕಿನ್ನಾಳದ ವಿದ್ಯೆಯು ನೆರವಾಯಿತು. ಕೊಪ್ಪಳದ ಹತ್ತಿರದ ಕಿನ್ನಾಳವು ೧೯೯೭ರಲ್ಲಿ ಜಿಲ್ಲೆಯು ಒಡೆಯುವ ಮೊದಲು ನಮ್ಮ ರಾಯಚೂರು ಜಿಲ್ಲೆಯದೇ ಊರು. ಅಲ್ಲಿಯ ಚಿತ್ರಗಾರರು ಹಗುರವಾದ ಮರದಲ್ಲಿ ಗೊಂಬೆಯ ಅಂಗಾಂಗಗಳನ್ನು ಬೇರೆಬೇರೆಯಾಗಿ ಕೆತ್ತಿ ಜೋಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ ಒಣಗಿಸಿ ಪುಡಿಮಾಡಿ, ಅದಕ್ಕೆ ಕಟ್ಟಿಗೆಯ ಹೊಟ್ಟನ್ನೂ ಹುಣಸೆಬೀಜದ ಅಂಟನ್ನೂ ಕೂಡಿಸಿ ನಾದಿದ ಕಿಟ್ಟವನ್ನು ಸಂದುಗಳಿಗೂ ಮೈಗೂ ಸವರುತ್ತಾರೆ. ಮೇಲೆ ಅರಿವೆಯ ತುಂಡುಗಳನ್ನು ಅದೇ ಅಂಟಿನಿಂದ ಹಚ್ಚುತ್ತಾರೆ. ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ. ಆ ಬಳಿಕವೇ ಬಣ್ಣ. ಗರುಡನಿಗೆ ಹನ್ನೆರಡು, ಗಣಪತಿಗೆ ಇಪ್ಪತ್ತೆರಡು ಭಾಗಗಳೆಂಬ ಲೆಕ್ಕವುಂಟು. ಅಂಥ ಕೌಶಲ್ಯ ನಮ್ಮದಲ್ಲ. ಕ್ರಮವನ್ನು ಮಾತ್ರ ಅನುಸರಿಸಿದೆವು. ಹುಣಸೆಬೀಜವನ್ನು ಹುರಿದು, ಸಿಪ್ಪೆ ಕಳೆದು, ರಾತ್ರಿಯೆಲ್ಲ ನೆನೆಯಿಟ್ಟು, ನುಣ್ಣಗೆ ರುಬ್ಬಿ, ನೀರಿನಲ್ಲಿ ಕುದಿಸಿದರೆ ಗಂಜಿಯಂಥ ಅಂಟು ಸಿದ್ಧವಾಗುತ್ತದೆ. ಸೀಳಿದ ನೆಲದ ಬಿರುಕಿಗೆ ಕಿಟ್ಟವನ್ನು ತುಂಬಿ, ಗೋಡೆಗಳಿಗೆ ಹಳೆಯ ಧೋತರದ ತುಂಡುಗಳನ್ನು ಹಚ್ಚಿ, ಅವು ಒಣಗಿದ ಮೇಲೆ ಜರಡಿ ಹಿಡಿದ ಮಸಾರಿ ಮಣ್ಣನ್ನು ಅಂಟಿನಲ್ಲಿ ಕಲಸಿ ತೆಳ್ಳಗೆ ಸಾರಿಸಿದೆವು. ಇದಕ್ಕೆ ಎರೆಮಣ್ಣನ್ನು ಬಳಸಬಾರದು. ಒಣಗುವಾಗ ಅದು ಹೊಲದಲ್ಲಿ ಬಿರಿದಂತೆ ಗೋಡೆಯ ಮೇಲೂ ಬಿರಿಯುತ್ತದೆ.

ಮಾಳಿಗೆಗೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ತಪ್ಪಲು, ಎಲ್ಲಕ್ಕೂ ಮೇಲೆ ಮಣ್ಣು, ಇದು ನಮ್ಮ ಕಡೆಯ ಕ್ರಮ. ತೊಲೆಗೆ ಹಳೆಯ ಅಡಿಪಟ್ಟಿ, ಜಂತಿಗೆ ಜೋಳದ ದಂಟಲ್ಲ, ತೊಗರಿಕಟ್ಟಿಗೆ; ಗಾತ್ರಕ್ಕೆ ಹೇಳಿ ಮಾಡಿಸಿದಂತಿತ್ತು. ನಿಜವಾದ ಮಾಳಿಗೆಯ ಮೇಲೆ ಮಳೆಗಾಲಕ್ಕೆ ಮೊದಲು ಕರಲು ಮಣ್ಣನ್ನು ಹರಡುತ್ತಿದ್ದರು. ಬೆಳೆಗೆ ವೈರಿಯಾದ ಆ ಉಪ್ಪುಮಣ್ಣು ನೀರು ತಾಕಿದೊಡನೆ ಕರಗಿ ಸಂದುಗಳನ್ನೆಲ್ಲ ಮುಚ್ಚಿಬಿಡುವದರಿಂದ ಸೂರು ಸೋರುವದಿಲ್ಲ. ವರ್ಷವರ್ಷವೂ ಅದನ್ನು ಹೊಸದಾಗಿ ಹಾಕುವವರಿರುವ ತನಕ ಮಾಳಿಗೆಯು ತಲೆಮಾರುಗಳನ್ನು ದಾಟುತ್ತಿದ್ದಿತು. ಪಡಸಾಲೆಯ ನೆಲಕ್ಕೆ ಶಹಾಬಾದದ ಪರಸಿಯ ಬೂದುಬಣ್ಣವನ್ನು ಬಳಿದು ಒಂದೂವರೆ ಇಂಚಿನ ಚೌಕಗಳ ಗೆರೆಯನ್ನೆಳೆದೆವು. ಗೋಡೆಗೆ ಸುಣ್ಣ, ಕೆಳಗೆ ಕಾವಿಯ ಪಟ್ಟಿ.

ಒಳಗಿನ ಸಾಮಾನಿನ ವಿಷಯದಲ್ಲಿ ಪ್ರಮಾಣವನ್ನು ಕಟ್ಟುನಿಟ್ಟಾಗಿ ನೋಡಬೇಕು. ಜಾತ್ರೆಯಲ್ಲಿ ಸಿಗುವ ತಗಡಿನ ಕೊಡವು ನಾಲ್ಕಿಂಚಿನದು. ನಮ್ಮ ಮನೆಯ ಲೆಕ್ಕದಲ್ಲಿ ಅದು ನಾಲ್ಕಡಿಯ ಕೊಡ. ಯಜಮಾನತಿಯು ಅದನ್ನು ಹೊರುವದಿರಲಿ, ಬಗ್ಗಿ ನೋಡಿದರೆ ಒಳಗೇ ಬಿದ್ದಾಳು. ಒಂದಡಿಗೆ ಒಂದಿಂಚೆಂಬ ಸೂತ್ರವನ್ನು ಮಕ್ಕಳ ಕೈಯಿಂದಲೇ ಲೆಕ್ಕ ಹಾಕಿಸಿದರೆ ಶಾಲೆಯ ಅನುಪಾತದ ಪಾಠವು ಬೇಸರವಿಲ್ಲದೆ ತಲೆಗೆ ಹತ್ತುತ್ತದೆ. ಚನ್ನಪಟ್ಟಣದ ಅರಗಿನ ಬಣ್ಣದ ಪುಟ್ಟ ಪಾತ್ರೆಗಳಲ್ಲಿ ಸಣ್ಣವನ್ನು ಆರಿಸಿಕೊಂಡೆವು. ಹಾಲೆಮರವನ್ನು ಚರಕಿಯಲ್ಲಿ ತಿರುಗಿಸಿ ಮಾಡಿದ ಅವುಗಳಲ್ಲಿ ಗಿಡಮೂಲದ ಬಣ್ಣದವೆಂದು ಕೇಳಿ ತರುವದು ಒಳ್ಳೆಯದು. ಬೀಸುಕಲ್ಲು ಎರಡು ಗುಂಡಿಗಳಿಂದಾಯಿತು, ಒರಳು ಜೇಡಿಮಣ್ಣಿನಿಂದ. ಇಲಕಲ್ಲಿನ ಸೀರೆಯ ಹರಿದ ಸೆರಗು ಯಜಮಾನತಿಯ 'ಹೊಸ' ಸೀರೆಯಾಯಿತು. ಗುಳೇದಗುಡ್ಡದ ಖಣದ ಚೂರು ಕುಪ್ಪಸಕ್ಕೆ ಸಾಕಾಗಿ ಮಿಕ್ಕಿತು. ಆರಿಂಚು ಉದ್ದದ ಕೌದಿಯನ್ನು ಅಕ್ಕನವರು ಕನ್ನಡಕದ ಮೇಲೆ ಕನ್ನಡಕವಿಟ್ಟುಕೊಂಡು ಹದಿನೇಳು ಚಿಂದಿಗಳನ್ನು ಕೂಡಿಸಿ ಹೊಲಿದರು. ಅದರಲ್ಲಿ ಒಂದು ಚಿಂದಿ ನಮ್ಮ ತಾಯಿಯವರ ಸೀರೆಯದಂತೆ. ಅದು ಇಷ್ಟು ವರ್ಷ ಎಲ್ಲಿತ್ತೆಂದು ಕೇಳಿದರೆ ಅವರು ಹೇಳಲಿಲ್ಲ.

ಆರು ವರ್ಷದ ಮೊಮ್ಮಗನು, ಗೊಂಬೆಮನೆಯು ಹುಡುಗಿಯರದೆಂದು ಯಾರೋ ಹೇಳಿದ್ದನ್ನು ಕೇಳಿ ಎರಡು ದಿನ ಮುಖ ಊದಿಸಿಕೊಂಡಿದ್ದನು. ನಮ್ಮ ಅಭಿಪ್ರಾಯದಲ್ಲಿ ನ್ಯೂರೆಂಬರ್ಗಿನ ಪದ್ಧತಿಯು ಅಷ್ಟೇನೂ ಒಳ್ಳೆಯದಲ್ಲ. ಅಡುಗೆಮನೆಯನ್ನು ಹುಡುಗಿಗೇ ಮೀಸಲಿಟ್ಟ ಊರಿನಲ್ಲಿ ಅದಕ್ಕೆ ಕಿಟಕಿ ಬೇಕೆಂಬುದು ಹುಡುಗರಿಗೆ ತಿಳಿಯುವದೆಂತು? ಮಣ್ಣೆತ್ತುಗಳನ್ನು ಮಾಡುವ ಕೆಲಸವನ್ನು ಅವನಿಗೆ ಒಪ್ಪಿಸಿದೆವು. ಎತ್ತುಗಳು ಗೋದಲಿಗೆ ಹೊಂದದಷ್ಟು ದಪ್ಪವಾಗಿವೆ. ಒಂದರ ಕೊಂಬು ಇನ್ನೊಂದಕ್ಕಿಂತ ಉದ್ದ. ಈಗ ಅವನು ದಿನವೂ ಅಡುಗೆಮನೆಯ ಕಿಟಕಿಯಿಂದ ಒಳಗಿಣುಕಿ ರೊಟ್ಟಿಯಾಯಿತೇ ಎಂದು ಕೇಳುತ್ತಾನೆ. ಅವನ ಅಕ್ಕನು, ಒಳಗೆ ಬಂದು ನೀನೇ ಬಡಿ ಎನ್ನುತ್ತಾಳೆ.

ಖರ್ಚಿನ ಲೆಕ್ಕವನ್ನು ಕೇಳುವ ವಾಚಕರಿದ್ದೇ ಇರುತ್ತಾರೆ. ಮನೆಗೆ ೩೫೦ ರೂಪಾಯಿ, ಕೀಲು ಮತ್ತು ತಿರುಪುಗಳಿಗೆ ೬೦, ಉಸುಕಿನ ಕಾಗದಕ್ಕೆ ೪೦, ನೀರುಬಣ್ಣಕ್ಕೆ ೨೬೫, ಕದಗಳಿಗೆ ಹಚ್ಚಿದ ಫೆವಿಕಾಲಿಗೆ ೫೦, ಚನ್ನಪಟ್ಟಣದ ಪಾತ್ರೆಗಳಿಗೆ ೨೨೦, ಒಟ್ಟು ೯೮೫. ಮಣ್ಣು, ಸುಣ್ಣ, ಹುಣಸೆಬೀಜ, ಚಿಂದಿ ಇವು ಮನೆಯವೇ. ದಿನಗಳ ಲೆಕ್ಕವನ್ನು ನಾವಿಟ್ಟಿಲ್ಲ. ಸೊಸೆಯು ಇಟ್ಟಿದ್ದಾಳೆ, ನಲವತ್ತೊಂದು. ಬಣ್ಣವೆಲ್ಲ ಆರಿ ವಾಸನೆ ಹೋದ ಮೇಲೆ ಅವಳೇ ಅದನ್ನೆತ್ತಿ ಒಳಗಿನ ಕೋಣೆಗೆ ತಂದಿಟ್ಟಳು.

ಬಯಲು ಮಾಳಿಗೆಗೆ ಹತ್ತುವ ನಿಚ್ಚಣಿಕೆಯೊಂದು ಇನ್ನೂ ಬಾಕಿಯಿದೆ. ಅದಕ್ಕೆ ಹನ್ನೊಂದು ಮೆಟ್ಟಿಲುಗಳಿದ್ದವೆಂದು ಅಕ್ಕನವರೂ ಒಂಬತ್ತೆಂದು ನಾವೂ ಹೇಳುತ್ತಿದ್ದೇವೆ. ಬಿದಿರನ್ನು ಸೀಳಿ ಒಣಗಲಿಟ್ಟಿದೆ.